ಹೆಣ್ಣು ಕರು ಬಂತು ಸರಿ, ಹಾಲು ಎಲ್ಲಿಂದ ಬರುತ್ತೆ?

2024ರ ಅಕ್ಟೋಬರ್ 5ರಂದು ಮಹಾರಾಷ್ಟ್ರದ ವಾಶಿಮ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಹೈನುಗಾರಿಕೆಯ ಎರಡು ಹೊಸ ತಂತ್ರಜ್ಞಾನಗಳನ್ನು ಬಿಡುಗಡೆ ಮಾಡಿದರು. ಒಂದು, ಆಕಳಿನ ಜೀನ್‌ಗಳನ್ನು ಓದುವ ಗೌಚಿಪ್, ಜೊತೆಗೆ ಎಮ್ಮೆಗಾಗಿ ಮಹಿಷಚಿಪ್. ಇನ್ನೊಂದು, ಹೆಣ್ಣು ಕರು ಹುಟ್ಟುವಂತೆ ವೀರ್ಯವನ್ನು ವಿಂಗಡಿಸುವ ಗೌಸಾರ್ಟ್. ಇದರಿಂದ ಒಂದು ಡೋಸಿನ ಬೆಲೆ ಸುಮಾರು 200 ರೂಪಾಯಿ ಇಳಿಯುತ್ತದೆ ಎಂದು ಕೇಂದ್ರ ಸರ್ಕಾರ ಹೇಳಿತು. 2025ರ ಮಾರ್ಚ್‌ನಲ್ಲಿ ದನದ ತಳಿ ಸುಧಾರಣೆಯ ಕೇಂದ್ರ ಯೋಜನೆಯಾದ ರಾಷ್ಟ್ರೀಯ ಗೋಕುಲ್ ಮಿಷನ್‌ನ ಪರಿಷ್ಕೃತ ರೂಪಕ್ಕೆ ಸಂಪುಟದ ಒಪ್ಪಿಗೆ ಸಿಕ್ಕಿತು. ಅದರ ಒಟ್ಟು ಗಾತ್ರ 3,400 ಕೋಟಿ ರೂಪಾಯಿ.

ಸುದ್ದಿ ಒಂದರ ಹಿಂದೆ ಒಂದು ಬಂದಿದ್ದರಿಂದ ಎರಡು ವಿಷಯ ಕಲಸಿಹೋದವು. "ಹೆಣ್ಣು ಕರುವಿನ ಇಂಜೆಕ್ಷನ್ ಹಾಕಿಸಿದ್ರೆ ಹಾಲು ಜಾಸ್ತಿ" ಅನ್ನುವ ಮಾತು ಈಗ ಸುಲಭವಾಗಿ ಹಬ್ಬುತ್ತದೆ. ಚಿಪ್ಪನ್ನು ದನದ ಮೈಯೊಳಗೆ ಇಡ್ತಾರಾ ಅನ್ನುವ ಪ್ರಶ್ನೆಯೂ ಇದೆ. ಇಡುವುದಿಲ್ಲ. ಅದು ಪ್ರಯೋಗಾಲಯದಲ್ಲಿ ರಕ್ತ ಅಥವಾ ಕೂದಲಿನ ಮಾದರಿಯಿಂದ ಜೀನ್‌ಗಳನ್ನು ಓದುವ ಸಾಧನ, ಅಷ್ಟೆ. ಆದರೆ ಮೊದಲ ಗೊಂದಲ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಒಂದೋ ಎರಡೋ ದನ ಕಟ್ಟಿಕೊಂಡವರು ಇದನ್ನು ನಂಬಿ ದುಡ್ಡು ಹಾಕುವ ಮುಂಚೆ ಲೆಕ್ಕ ಬಿಡಿಸಿ ನೋಡಬೇಕು.

ವಿಂಗಡಿಸಿದ ವೀರ್ಯ ಏನು ಮಾಡುತ್ತದೆ

ಕರು ಹೆಣ್ಣೋ ಗಂಡೋ ಅನ್ನುವುದನ್ನು ಹೋರಿಯ ವೀರ್ಯಾಣು ತೀರ್ಮಾನಿಸುತ್ತದೆ. ಎಕ್ಸ್ ವರ್ಣತಂತು ಇರುವ ವೀರ್ಯಾಣು ಸೇರಿದರೆ ಹೆಣ್ಣು, ವೈ ಇರುವುದು ಸೇರಿದರೆ ಗಂಡು. ಎಕ್ಸ್ ವೀರ್ಯಾಣುವಿನಲ್ಲಿ ಡಿಎನ್‌ಎ ಸುಮಾರು ಶೇ. 4ರಷ್ಟು ಜಾಸ್ತಿ ಇರುತ್ತದೆ. ಬಣ್ಣ ಹಾಕಿ, ಲೇಸರ್ ಬೆಳಕಿನಲ್ಲಿ ಒಂದೊಂದೇ ವೀರ್ಯಾಣುವನ್ನು ಹಾಯಿಸಿದರೆ ಯಂತ್ರ ಈ ಸಣ್ಣ ವ್ಯತ್ಯಾಸವನ್ನು ಗುರುತಿಸಿ ಎರಡನ್ನೂ ಬೇರೆ ಮಾಡುತ್ತದೆ. ಹೀಗೆ ಮಾಡಿದ ವೀರ್ಯ ಬಳಸಿದಾಗ ಹುಟ್ಟುವ 100 ಕರುಗಳಲ್ಲಿ ಸುಮಾರು 90 ಹೆಣ್ಣು.

ಕೆಲಸ ಅಲ್ಲಿಗೆ ಮುಗಿಯಿತು. ಆ ಹೆಣ್ಣು ಕರು ಎಷ್ಟು ಹಾಲು ಕೊಡುತ್ತದೆ ಅನ್ನುವುದಕ್ಕೆ ವಿಂಗಡಣೆ ಏನನ್ನೂ ಸೇರಿಸುವುದಿಲ್ಲ. ಸಾಧಾರಣ ಹೋರಿಯ ವೀರ್ಯ ವಿಂಗಡಿಸಿದರೆ ಸಾಧಾರಣ ಹೆಣ್ಣು ಕರುಗಳೇ ಜಾಸ್ತಿ ಹುಟ್ಟುತ್ತವೆ.

ಇನ್ನೊಂದು ಮಾತು ಕಡ್ಡಿ (ವೀರ್ಯ ತುಂಬಿದ ಸಣ್ಣ ನಳಿಕೆ) ಹಾಕುವಾಗಲೇ ಹೇಳಬೇಕಾದದ್ದು. ಸಾಮಾನ್ಯ ಡೋಸಿನಲ್ಲಿ ಸುಮಾರು 2 ಕೋಟಿ ವೀರ್ಯಾಣು ಇದ್ದರೆ, ವಿಂಗಡಿಸಿದ ಡೋಸಿನಲ್ಲಿ ಇರುವುದು ಸುಮಾರು 20 ಲಕ್ಷ. ಯಂತ್ರದಲ್ಲಿ ಹಾಯ್ದು ಅವು ಬಳಲಿಯೂ ಇರುತ್ತವೆ. ಅದಕ್ಕೇ ಗಬ್ಬ ನಿಲ್ಲುವ ಸಾಧ್ಯತೆ ಸ್ವಲ್ಪ ಕಡಿಮೆ. ಆರೋಗ್ಯವಾಗಿರುವ ಮಣಕಗಳಲ್ಲಿ, ಅಂದರೆ ಇನ್ನೂ ಕರು ಹಾಕದ ಹರೆಯದ ಆಕಳುಗಳಲ್ಲಿ, ಫಲಿತಾಂಶ ಚೆನ್ನಾಗಿರುತ್ತದೆ. ನಾಲ್ಕೈದು ಸೂಲು ಕಂಡ, ಬೇಸಿಗೆಯಲ್ಲಿ ಸೊರಗಿದ ಆಕಳಲ್ಲಿ ಅಷ್ಟು ಇರುವುದಿಲ್ಲ. ಒಂದು ಸಲ ನಿಲ್ಲದಿದ್ದರೆ ಮುಂದಿನ ಬೆದೆಗೆ 21 ದಿನ ಕಾಯಬೇಕು. ಆ 21 ದಿನದ ಮೇವು, ಹಿಂಡಿಯ ಖರ್ಚು ಡೋಸಿನ ಬೆಲೆಯಲ್ಲಿ ಉಳಿಸಿದ್ದನ್ನು ನುಂಗಿಬಿಡುತ್ತದೆ.

ತಾಯಿಯಂತೆ ಮಗಳು, ಆದರೆ ಎಷ್ಟು?

ಸಂತೆಯಲ್ಲಿ ಮಣಕ ಕೊಳ್ಳುವವರು ಮೊದಲು ಕೇಳುವುದು "ಇದರ ತಾಯಿ ಎಷ್ಟು ಕೊಡ್ತಿತ್ತು?" ಅಂತ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಲ್ವಾ? ಪ್ರಶ್ನೆ ಸರಿಯಾಗಿಯೇ ಇದೆ. ಅದಕ್ಕೆ ಸಿಗುವ ಉತ್ತರದ ಮೇಲೆ ಇಡುವ ನಂಬಿಕೆ ಮಾತ್ರ ಜಾಸ್ತಿ.

ಆಕಳಲ್ಲಿ 30 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ. ಹಾಲಿನ ಪ್ರಮಾಣವನ್ನು ಒಂದೇ ಜೀನ್ ನಿರ್ಧರಿಸುವುದಿಲ್ಲ. ಸಾವಿರಾರು ಕಡೆ ಸಣ್ಣ ಸಣ್ಣ ವ್ಯತ್ಯಾಸಗಳು ಸೇರಿ ಅದು ಆಗುತ್ತದೆ. ಇದರ ಮೇಲೆ ಮೇವು, ನೀರು, ಬಿಸಿಲು, ರೋಗ, ಹಿಂಡುವ ಕೈ ಎಲ್ಲವೂ ಸೇರುತ್ತವೆ.

ಒಂದು ಹಿಂಡಿನಲ್ಲಿ ಆಕಳಿಂದ ಆಕಳಿಗೆ ಕಾಣುವ ವ್ಯತ್ಯಾಸದಲ್ಲಿ ವಂಶದಿಂದ ಬಂದ ಪಾಲು ಎಷ್ಟು ಅನ್ನುವುದನ್ನು ಅನುವಂಶೀಯತೆ ಅಂತಾರೆ. ಹಾಲಿನ ಪ್ರಮಾಣಕ್ಕೆ ಇದು ಹೆಚ್ಚುಕಡಿಮೆ ಶೇ. 25ರಿಂದ 35. "ಹಾಲಿನ ಮೂರನೇ ಒಂದು ಭಾಗ ಜೀನ್‌ನಿಂದ ಬರುತ್ತದೆ" ಅಂತ ಇದನ್ನು ಓದಿಕೊಳ್ಳಬಾರದು. ಇದು ಆಕಳುಗಳ ನಡುವಿನ ವ್ಯತ್ಯಾಸದ ಲೆಕ್ಕ, ಒಂದು ಆಕಳಿನ ಹಾಲಿನ ಲೆಕ್ಕ ಅಲ್ಲ.

ಒಂದು ಉದಾಹರಣೆ ಹಾಕಿ ನೋಡೋಣ. ಊರಿನ ಆಕಳುಗಳು ಒಂದು ಸೂಲಿಗೆ ಸರಾಸರಿ 1,500 ಲೀಟರ್ ಕೊಡುತ್ತವೆ ಅಂದುಕೊಳ್ಳಿ. ಅದೇ ಮೇವು, ಅದೇ ನೀರಿನಲ್ಲಿ ಒಂದು ಆಕಳು 2,500 ಕೊಡುತ್ತದೆ. ವ್ಯತ್ಯಾಸ 1,000 ಲೀಟರ್. ಅನುವಂಶೀಯತೆ ಶೇ. 25 ಇದ್ದರೆ ಇದರಲ್ಲಿ ವಂಶದ್ದು ಎಂದು ನಂಬಬಹುದಾದ ಭಾಗ 250 ಲೀಟರ್. ಮಗಳಿಗೆ ದಾಟುವುದು ಅದರ ಅರ್ಧ, ಅಂದರೆ 125. ತಂದೆ ಸಾಧಾರಣ ಹೋರಿಯಾಗಿದ್ದರೆ ಮಗಳಿಂದ ನಿರೀಕ್ಷಿಸಬಹುದಾದದ್ದು 1,625 ಲೀಟರ್. ತಾಯಿಯ 2,500 ನೋಡಿ ದುಡ್ಡು ಕೊಟ್ಟವರಿಗೆ ಮೋಸ ಆದಂತೆ ಅನ್ನಿಸುತ್ತದೆ. ಯಾರೂ ಮೋಸ ಮಾಡಿಲ್ಲ, ಲೆಕ್ಕವೇ ಹಾಗಿದೆ.

ಅದೂ ಸರಾಸರಿ ಮಾತು. ಒಂದೇ ತಾಯಿ, ಒಂದೇ ಹೋರಿಗೆ ಹುಟ್ಟಿದ ಅಕ್ಕ ತಂಗಿಯರಿಗೂ ಬೇರೆ ಬೇರೆ ಜೀನ್‌ಗಳ ಗಂಟು ಸಿಗುತ್ತದೆ. ಒಂದು ತಳಿಯೊಳಗೆ ಇರುವ ವಂಶದ ವ್ಯತ್ಯಾಸದಲ್ಲಿ ಸುಮಾರು ಅರ್ಧ ಹೀಗೆ ಒಡಹುಟ್ಟಿದವರ ನಡುವೆಯೇ ಇರುತ್ತದೆ. ಅಕ್ಕ ಚೆನ್ನಾಗಿ ಕೊಟ್ಟು ತಂಗಿ ಕೈಕೊಡುವುದಕ್ಕೆ ಕೆಟ್ಟ ಕಣ್ಣು ಬೀಳಬೇಕಿಲ್ಲ.

ಹಾಲೇ ಕೊಡದ ಹೋರಿಯನ್ನು ಅಳೆಯುವುದು ಹೇಗೆ

ಹೋರಿಗೆ ಕೆಚ್ಚಲಿಲ್ಲ. ಆದರೂ ಅದು ಮಗಳಿಗೆ ತಾಯಿಯಷ್ಟೇ ಕೊಡುತ್ತದೆ. ಒಂದು ಆಕಳು ಜೀವನದಲ್ಲಿ ಬೆರಳೆಣಿಕೆಯ ಕರು ಹಾಕಿದರೆ, ಕೃತಕ ಗರ್ಭಧಾರಣೆಯಲ್ಲಿ ಒಂದು ಹೋರಿ ಸಾವಿರಾರು ಮಕ್ಕಳ ತಂದೆಯಾಗುತ್ತದೆ. ಹಾಗಾಗಿ ತಳಿ ಸುಧಾರಣೆಯ ಭಾರ ಬೀಳುವುದು ಹೋರಿಯ ಆಯ್ಕೆಯ ಮೇಲೆ.

ಹಳೆಯ ದಾರಿ ಹೆಣ್ಣು ಮಕ್ಕಳ ಹಾಲು ಅಳೆಯುವುದು. ತಾಯಿಯದೊಂದು ಸೂಲಿನ ದಾಖಲೆ ಮಾತ್ರ ಇದ್ದರೆ, ಮೇಲಿನ ಉದಾಹರಣೆಯ ಲೆಕ್ಕದಲ್ಲಿ, ಆ ತಾಯಿಯದೇ ವಂಶದ ಯೋಗ್ಯತೆಯ ಅಂದಾಜಿಗೆ ವಿಶ್ವಾಸಾರ್ಹತೆ ಶೇ. 25. ಹೋರಿಯ 50 ಹೆಣ್ಣು ಮಕ್ಕಳನ್ನು ಬೇರೆ ಬೇರೆ ಕೊಟ್ಟಿಗೆಗಳಲ್ಲಿ ಅಳೆದರೆ ಹೋರಿಯ ಅಂದಾಜಿನ ವಿಶ್ವಾಸಾರ್ಹತೆ ಸುಮಾರು ಶೇ. 77ಕ್ಕೆ ಏರುತ್ತದೆ, 100 ಮಕ್ಕಳಾದರೆ ಶೇ. 87ಕ್ಕೆ. ಕಾರಣ ಸರಳ. ಒಂದು ಕಡೆ ಹಿಂಡಿ ಜಾಸ್ತಿ ಹಾಕಿದ್ದು, ಇನ್ನೊಂದು ಕಡೆ ಮೇವು ಕಡಿಮೆಯಾದದ್ದು ಎಲ್ಲ ಒಂದಕ್ಕೊಂದು ವಜಾ ಆಗಿ, ಎಲ್ಲರಲ್ಲೂ ಉಳಿಯುವುದು ತಂದೆಯ ಪಾಲು.

ತೊಂದರೆ ಸಮಯದ್ದು. ಹೋರಿ ಬೆಳೆಯಬೇಕು, ಮಕ್ಕಳು ಹುಟ್ಟಬೇಕು, ಅವು ಮಣಕವಾಗಿ ಕರು ಹಾಕಬೇಕು, ಒಂದು ಸೂಲು ಮುಗಿಯಬೇಕು. ಆರೇಳು ವರ್ಷ ಹೋಗುತ್ತದೆ. ಅಷ್ಟರಲ್ಲಿ ಹೋರಿ ಸತ್ತಿರಲೂಬಹುದು.

ಚಿಪ್ ಬಂದದ್ದು ಈ ಕಾಯುವಿಕೆ ಕಡಿಮೆ ಮಾಡಲು. ಸಾವಿರಾರು ಆಕಳುಗಳ ಜೀನ್ ಓದಿ, ಅವುಗಳ ಹಾಲಿನ ದಾಖಲೆ ಪಕ್ಕದಲ್ಲಿ ಇಟ್ಟರೆ ಯಾವ ಗುರುತು ಇದ್ದಾಗ ಹಾಲು ಎಷ್ಟು ಏರುತ್ತದೆ ಅನ್ನುವ ಲೆಕ್ಕ ಸಿಗುತ್ತದೆ. ಆಮೇಲೆ ಹುಟ್ಟಿದ ಕರುವಿನ ಜೀನ್ ಓದಿಯೇ ಅದರ ಯೋಗ್ಯತೆ ಅಂದಾಜು ಮಾಡಬಹುದು. ಈ ವಿಧಾನದ ಗಣಿತ ಪ್ರಕಟವಾದದ್ದು 2001ರಲ್ಲಿ. ಅಮೆರಿಕ 2009ರಿಂದ ಹೋಲ್‌ಸ್ಟೀನ್ ಮತ್ತು ಜೆರ್ಸಿ ತಳಿಗಳಿಗೆ ಅಧಿಕೃತವಾಗಿ ಬಳಸುತ್ತಿದೆ.

ಆದರೆ ಚಿಪ್ ತಾನಾಗಿ ಏನನ್ನೂ ಹೇಳುವುದಿಲ್ಲ. ಅದಕ್ಕೆ ಕಲಿಸಬೇಕು, ಕಲಿಸುವುದು ಅಳೆದ ಹಾಲು. ಅಮೆರಿಕದ ಹೋಲ್‌ಸ್ಟೀನ್ ದಾಖಲೆಯಿಂದ ಕಲಿತ ಲೆಕ್ಕ ಬೀದರ್ ಕಡೆಯ ದೇವಣಿ ತಳಿಗೆ ಹೊಂದುವುದಿಲ್ಲ, ಏಕೆಂದರೆ ಎರಡರ ಪೂರ್ವಜರು ಬೇರೆ. ಭಾರತದ ತಳಿಗಳಿಗೆ ಹೊಂದುವ ಚಿಪ್ ಮಾಡಿದ್ದು ಅದಕ್ಕೇ. ಚಿಪ್ ಸಿದ್ಧವಾಗಿದೆ. ಅದಕ್ಕೆ ಕಲಿಸುವ ದಾಖಲೆ ತಳಿಯಿಂದ ತಳಿಗೆ ಬೇರೆ ಪ್ರಮಾಣದಲ್ಲಿದೆ. ದನಗಳ ಸಂಖ್ಯೆ ಕಡಿಮೆ ಇರುವ ತಳಿಯಲ್ಲಿ ಅಂದಾಜು ಮಸುಕಾಗುತ್ತದೆ.

ಕೆಚ್ಚಲು ಕೂಡ ವಂಶದಲ್ಲೇ ಬರುತ್ತದೆ

ಹಾಲಿನ ಗದ್ದಲದಲ್ಲಿ ಕೆಚ್ಚಲನ್ನು ಮರೆಯುತ್ತೇವೆ. ಆಕಳು ನಾಲ್ಕು ಸೂಲು ದುಡಿಯುತ್ತದೋ ಎರಡಕ್ಕೇ ಕೆಡುತ್ತದೋ ಅನ್ನುವುದರಲ್ಲಿ ಕೆಚ್ಚಲಿನ ಪಾತ್ರ ದೊಡ್ಡದು.

ತಜ್ಞರು ಕೆಚ್ಚಲನ್ನು ಭಾಗ ಮಾಡಿ ನೋಡುತ್ತಾರೆ. ಮುಂಭಾಗ ಹೊಟ್ಟೆಗೆ ಎಷ್ಟು ಗಟ್ಟಿಯಾಗಿ ಅಂಟಿದೆ? ಹಿಂಭಾಗ ಎಷ್ಟು ಎತ್ತರದಿಂದ ಶುರುವಾಗುತ್ತದೆ? ನಡುವೆ ಎಡ ಬಲ ಭಾಗಗಳನ್ನು ಎತ್ತಿ ಹಿಡಿಯುವ ಪಟ್ಟಿ ಬಲವಾಗಿದೆಯಾ? ಕೆಚ್ಚಲಿನ ತಳ ಹಿಂಗಾಲಿನ ಗಂಟಿಗಿಂತ ಮೇಲಿದೆಯಾ, ಕೆಳಗೆ ಜೋತಿದೆಯಾ? ಮೊಲೆಗಳ ಉದ್ದ ಎಷ್ಟು, ಅವು ನೇರ ಕೆಳಗಿವೆಯಾ ಅಥವಾ ಹೊರಕ್ಕೆ ತಿರುಗಿವೆಯಾ? ಪ್ರತಿ ಗುಣಕ್ಕೂ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. 9 ಅಂದರೆ ಒಳ್ಳೆಯದು ಅಂತಲ್ಲ. ಮೊಲೆಯ ಉದ್ದದಲ್ಲಿ 9 ಬಂದರೆ ಅತಿ ಉದ್ದ, ಅದೂ ತೊಂದರೆಯೇ.

ಈ ಗುಣಗಳಲ್ಲಿ ಹೆಚ್ಚಿನವುಗಳ ಅನುವಂಶೀಯತೆ ಸುಮಾರು ಶೇ. 20ರಿಂದ 30, ಹಾಲಿಗಿಂತ ಬಹಳ ಕಡಿಮೆಯೇನಲ್ಲ. ಕೆಚ್ಚಲು ಬಾವಿನ ಕತೆ ಬೇರೆ. ಬಾವು ಬರುವುದು ಬಾರದಿರುವುದರ ಅನುವಂಶೀಯತೆ ತೀರಾ ಕಡಿಮೆ, ಹೆಚ್ಚಾಗಿ ಶೇ. 10ಕ್ಕಿಂತ ಕೆಳಗೆ. ಕೊಳಕು ನೆಲ, ತೊಳೆಯದ ಕೈ ಇವೇ ಅಲ್ಲಿ ದೊಡ್ಡ ಕಾರಣ. ಆದರೆ ಜೋತುಬಿದ್ದ ಕೆಚ್ಚಲು ಕೆಸರಿಗೆ ಹತ್ತಿರ, ಮುಳ್ಳಿಗೆ ಹತ್ತಿರ, ಅದರದೇ ಕಾಲಿನ ಒದೆತಕ್ಕೂ ಹತ್ತಿರ. ಹಾಗಾಗಿ ಬಾವನ್ನು ನೇರವಾಗಿ ತಳಿಯಿಂದ ತೆಗೆಯುವುದು ಕಷ್ಟವಾದರೂ, ಗಟ್ಟಿಯಾದ ಕೆಚ್ಚಲನ್ನು ಆರಿಸಿದರೆ ಬಾವು ಹಿಂಬಾಗಿಲಿನಿಂದ ಕಡಿಮೆಯಾಗುತ್ತದೆ.

ಇನ್ನು ಇಕ್ಕಟ್ಟು ಬರುವುದು ಇಲ್ಲಿ. ಹಾಲನ್ನು ಹೆಚ್ಚಿಸುವ ಜೀನ್‌ಗಳಲ್ಲಿ ಕೆಲವು ಕೆಚ್ಚಲನ್ನು ಆಳಕ್ಕೂ ಎಳೆಯುತ್ತವೆ. ಬಾವಿನ ಅಪಾಯವನ್ನು ಸ್ವಲ್ಪ ಏರಿಸುತ್ತವೆ, ಗಬ್ಬ ನಿಲ್ಲುವುದನ್ನು ಸ್ವಲ್ಪ ತಗ್ಗಿಸುತ್ತವೆ. ಬರೀ ಲೀಟರ್ ನೋಡಿ ತಲೆಮಾರಿನ ಮೇಲೆ ತಲೆಮಾರು ಹೋರಿ ಆರಿಸಿದರೆ, ಕೇಳದೇ ಇದ್ದರೂ ಜೋತ ಕೆಚ್ಚಲು ಜೊತೆಯಲ್ಲೇ ಬರುತ್ತದೆ. ನಾರ್ವೆ ದೇಶ ಇದನ್ನು ಬೇಗ ಗಮನಿಸಿತು. 1975ರಲ್ಲಿ ದನಗಳ ರೋಗದ ದಾಖಲೆ ಶುರುಮಾಡಿ, 1978ರಿಂದ ಹೋರಿಯ ಆಯ್ಕೆಯಲ್ಲಿ ಕೆಚ್ಚಲು ಬಾವಿಗೂ ಅಂಕ ಇಟ್ಟಿತು. ನಮ್ಮಲ್ಲಿ ಜಾಹೀರಾತಿನ ಪೋಸ್ಟರ್ ಮೇಲೆ ಇನ್ನೂ ಹೋರಿಯ ತಾಯಿಯ ಲೀಟರ್ ಒಂದೇ ದಪ್ಪ ಅಕ್ಷರದಲ್ಲಿರುತ್ತದೆ.

ಕೊಳ್ಳುವವರಿಗೆ ಒಂದು ಸಣ್ಣ ಮಾತು. ಬಾವು ಬಂದು ಒಂದು ಮೊಲೆ ಬತ್ತಿದ ಆಕಳಿನ ಮಗಳಿಗೆ ನಾಲ್ಕೂ ಮೊಲೆ ಸರಿಯಾಗಿಯೇ ಇರುತ್ತವೆ. ಗಾಯ ವಂಶಕ್ಕೆ ದಾಟುವುದಿಲ್ಲ. ಹೆಬ್ಬೆಟ್ಟು ಮಡಚಿ ಹಿಂಡಿ ಹಿಂಡಿ ಕೆಟ್ಟ ಮೊಲೆಯೂ ಅಷ್ಟೆ. ಐದನೆಯ, ಆರನೆಯ ಹೆಚ್ಚುವರಿ ಮೊಲೆ ಮಾತ್ರ ವಂಶದಲ್ಲಿ ಬರುತ್ತದೆ. ಅದನ್ನು ಕರುವಿದ್ದಾಗಲೇ ಪಶುವೈದ್ಯರು ತೆಗೆಯಬಹುದು, ಆದರೆ ತೆಗೆದ ಮಾತ್ರಕ್ಕೆ ಮುಂದಿನ ಪೀಳಿಗೆಯಿಂದ ಅದು ಹೋಗುವುದಿಲ್ಲ.

ಫ್ಯಾಟಿನ ಜೀನ್

ಡೇರಿ ಹಣ ಕೊಡುವುದು ಲೀಟರಿಗಷ್ಟೇ ಅಲ್ಲ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ನೋಡಿ. ಕೊಬ್ಬಿನ ಶೇಕಡಾವಾರಿನ ಅನುವಂಶೀಯತೆ ಸುಮಾರು ಶೇ. 50. ಅಂದರೆ ಹಾಲಿನ ಪ್ರಮಾಣಕ್ಕಿಂತ ಫ್ಯಾಟ್ ಮಗಳಿಗೆ ಹೆಚ್ಚು ನಂಬಿಕೆಯಿಂದ ದಾಟುತ್ತದೆ. 14ನೇ ವರ್ಣತಂತುವಿನ ಡಿಜಿಎಟಿ1 ಎಂಬ ಜೀನ್‌ನ ಒಂದು ರೂಪ ಕೊಬ್ಬನ್ನು ಏರಿಸಿ ಹಾಲಿನ ಪ್ರಮಾಣ ಇಳಿಸುತ್ತದೆ ಎಂದು 2002ರಲ್ಲಿ ಗೊತ್ತಾಯಿತು. ನಮ್ಮ ಡುಬ್ಬದ ದನಗಳಲ್ಲಿ ಹೆಚ್ಚಾಗಿ ಕಾಣುವುದು ಈ ರೂಪವೇ. ದೇಸಿ ಹಾಲು ಕಡಿಮೆ ಆದರೆ ಗಟ್ಟಿ ಅನ್ನುವ ಅನುಭವಕ್ಕೆ ಇದೂ ಒಂದು ಕಾರಣ. ಎ2 ಹಾಲಿನ, ಅಂದರೆ ಹಾಲಿನ ಒಂದು ಪ್ರೋಟೀನ್‌ನ ಬೇರೆ ರೂಪ ಇರುವ ಹಾಲಿನ, ಚರ್ಚೆಯೂ ಇಂಥದ್ದೇ ಒಂದು ಜೀನ್‌ನದು. ಅದಕ್ಕೂ ಹಾಲಿನ ಪ್ರಮಾಣಕ್ಕೂ ಗಂಟು ಹಾಕುವ ಅಗತ್ಯವಿಲ್ಲ.

ಮೊದಲ ಮಿಶ್ರತಳಿ ಚೆನ್ನ, ಮಗಳು ಯಾಕೆ ಹಾಗಿಲ್ಲ?

ದೇಸಿ ಆಕಳಿಗೆ ಜೆರ್ಸಿ ಅಥವಾ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹೋರಿಯ ವೀರ್ಯ ಹಾಕಿಸಿದಾಗ ಹುಟ್ಟುವ ಮೊದಲ ತಲೆಮಾರು ತಾಯಿಗಿಂತ ಬಹಳ ಜಾಸ್ತಿ ಹಾಲು ಕೊಡುತ್ತದೆ, ತಂದೆಯ ತಳಿಗಿಂತ ಬಿಸಿಲು ತಡೆಯುತ್ತದೆ. ದೂರದ ಎರಡು ತಳಿ ಸೇರಿದಾಗ ಸಿಗುವ ಈ ಹೆಚ್ಚುವರಿ ಬಲವನ್ನು ಸಂಕರ ಹುರುಪು ಅನ್ನೋಣ. ಅದು ಪೂರ್ತಿ ಸಿಗುವುದು ಮೊದಲ ತಲೆಮಾರಿಗೆ ಮಾತ್ರ. ಮಿಶ್ರತಳಿ ಆಕಳಿಗೆ ಮಿಶ್ರತಳಿ ಹೋರಿಯನ್ನೇ ಕೊಟ್ಟರೆ ಮುಂದಿನ ತಲೆಮಾರಿನಲ್ಲಿ ಹುರುಪು ಅರ್ಧವಾಗುತ್ತದೆ, ಕರುಗಳ ನಡುವೆ ವ್ಯತ್ಯಾಸವೂ ಹೆಚ್ಚುತ್ತದೆ. ಮತ್ತೆ ಶುದ್ಧ ಎಚ್‌ಎಫ್ ಕೊಟ್ಟರೆ ವಿದೇಶಿ ರಕ್ತ ಶೇ. 75ಕ್ಕೆ ಏರುತ್ತದೆ. ಕಾಗದದ ಮೇಲೆ ಹಾಲು ಹೆಚ್ಚು. ಆದರೆ ಕಲಬುರಗಿ, ಯಾದಗಿರಿಯ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಕೊಟ್ಟಿಗೆಯಲ್ಲಿ ನಿಂತ ಅಂಥ ಆಕಳು ಮೇವು ಬಿಡುತ್ತದೆ, ಬೆದೆ ತೋರಿಸುವುದಿಲ್ಲ, ಹಾಲು ಕುಸಿಯುತ್ತದೆ. ಹಸಿರು ಮೇವು, ನೆರಳು, ನೀರು ಹೇರಳವಾಗಿ ಇರುವವರಿಗೆ ಇದು ನಡೆಯುತ್ತದೆ. ಜೋಳದ ಕಣಕಿ, ತೊಗರಿ ಹೊಟ್ಟಿನ ಮೇಲೆ ದನ ಸಾಕುವವರಿಗೆ ಅರ್ಧ ರಕ್ತದ ಆಸುಪಾಸಿನಲ್ಲಿ ನಿಲ್ಲುವುದೇ ಲೇಸು.

ಯಾರ ವಾದ ಏನು

ಸರ್ಕಾರದ ವಾದ ಸ್ಪಷ್ಟವಾಗಿದೆ. ಟ್ರ್ಯಾಕ್ಟರ್ ಬಂದ ಮೇಲೆ ಮಿಶ್ರತಳಿಯ ಗಂಡು ಕರುವಿಗೆ ಕೆಲಸವಿಲ್ಲ. 2020ರ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ರಾಜ್ಯದಲ್ಲಿ ಅವನ್ನು ಮಾರುವ ದಾರಿಯೂ ಕಿರಿದಾಗಿದೆ. ಹೆಣ್ಣು ಕರು ಹೆಚ್ಚಾದರೆ ರೈತನಿಗೂ ಲಾಭ, ಬೀದಿ ದನವೂ ಕಡಿಮೆ. ಮಿಶ್ರತಳಿ ಸಾಕುವವರ ಮಟ್ಟಿಗೆ ಈ ವಾದ ನಿಲ್ಲುತ್ತದೆ.

ಬೀದರ್ ಕಡೆಯ ದೇವಣಿ ಸಾಕುವವರ ಲೆಕ್ಕ ಉಲ್ಟಾ. ದೇವಣಿ ತಳಿಗೆ ಹೆಸರು ಬಂದದ್ದು ಗಡಿಯಾಚೆಯ ಲಾತೂರ್ ಜಿಲ್ಲೆಯ ದೇವಣಿಯಿಂದ. ಬಣ್ಣದ ಮೇಲೆ ಅದರಲ್ಲಿ ವಾನೇರಾ, ಬಾಲಂಕ್ಯಾ, ಶೇವೇರಾ ಅಂತ ಮೂರು ಬಗೆ. ಇದು ಹಾಲಿಗೂ ಆಗುತ್ತದೆ, ಹೊಲದ ದುಡಿಮೆಗೂ ಆಗುತ್ತದೆ. ಒಳ್ಳೆಯ ದೇವಣಿ ಹೋರಿ ಕರು ಬೆಳೆದು ಎತ್ತಿನ ಜೋಡಿಯಾದರೆ ಸಂತೆಯಲ್ಲಿ ಒಳ್ಳೆ ಬೆಲೆ. ಇವರಿಗೆ ಗಂಡು ಕರು ನಷ್ಟವಲ್ಲ. ಶೇ. 90 ಹೆಣ್ಣು ಅನ್ನುವುದು ಇವರ ಮಟ್ಟಿಗೆ ಆಕರ್ಷಣೆಯೂ ಅಲ್ಲ. ಇವರ ಚಿಂತೆ ಬೇರೆ. ಒಳ್ಳೆಯ ದೇವಣಿ ಆಕಳುಗಳಿಗೇ ಜೆರ್ಸಿ ಕಡ್ಡಿ ಬಿದ್ದು ತಳಿ ಕರಗುತ್ತಿದೆ ಅನ್ನುವುದು. ಬೀದರ್‌ನಲ್ಲೇ ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ದೇವಣಿಯ ದಾಖಲೆ ಬೆಳೆಸಲು ಇದಕ್ಕಿಂತ ಹತ್ತಿರದ ಜಾಗ ಸಿಗಲಾರದು.

ಮೂರನೆಯ ವಾದ ಹಳ್ಳಿಗಳಲ್ಲಿ ಕೆಲಸ ಮಾಡುವ ಪಶುವೈದ್ಯರದು. ಮೊದಲು ಹೊಟ್ಟೆ ತುಂಬಿಸಿ, ಆಮೇಲೆ ಜೀನ್ ಮಾತಾಡಿ ಅನ್ನುತ್ತಾರೆ ಅವರು. ಇದರಲ್ಲಿ ತೂಕವಿದೆ. 3,000 ಲೀಟರ್ ಕೊಡುವ ಜೀನ್ ಇದ್ದು 1,200 ಲೀಟರಿನ ಮೇವು ಹಾಕಿದರೆ ಬರುವುದು 1,200ರ ಆಸುಪಾಸೇ. ಅಷ್ಟೇ ಅಲ್ಲ, ಮೇವಿನ ವ್ಯತ್ಯಾಸ ದೊಡ್ಡದಿರುವ ಕಡೆ ಯಾವ ಆಕಳಿನ ವಂಶ ನಿಜವಾಗಿ ಒಳ್ಳೆಯದು ಎಂದು ಗುರುತಿಸುವುದೂ ಕಷ್ಟ. ಆದರೆ ಮೇವು ಪ್ರತಿದಿನ ಹಾಕಬೇಕು, ಒಳ್ಳೆಯ ಜೀನ್ ಒಮ್ಮೆ ಬಂದರೆ ಮಗಳಿಗೂ ಮೊಮ್ಮಗಳಿಗೂ ದಾಟುತ್ತದೆ. ಒಂದನ್ನು ಮುಗಿಸಿ ಇನ್ನೊಂದು ಅನ್ನುವುದಕ್ಕಿಂತ ಎರಡನ್ನೂ ಒಟ್ಟಿಗೆ ಮಾಡುವುದು ಜಾಣತನ.

ಮುಂದೆ ಏನಾಗಬಹುದು

ವಿಂಗಡಿಸಿದ ವೀರ್ಯ ಅಗ್ಗವಾದರೆ ಮಿಶ್ರತಳಿ ಮಣಕಗಳು ಹೆಚ್ಚುತ್ತವೆ. ಮೊದಲ ಕೆಲವು ವರ್ಷ ಮಣಕದ ಬೆಲೆ ಇಳಿಯಬಹುದು. ಆಗ ರೈತರಿಗೆ ಆಯ್ಕೆ ಮಾಡುವ ಅವಕಾಶ ಸಿಗುತ್ತದೆ. ಮೂರು ಮಣಕದಲ್ಲಿ ಕೆಚ್ಚಲು ಚೆನ್ನಾಗಿರುವ ಒಂದನ್ನು ಇಟ್ಟುಕೊಳ್ಳಬಹುದು. ವಿಂಗಡಣೆಯ ನಿಜವಾದ ಲಾಭ ಇದು ಅನ್ನಿಸುತ್ತದೆ, ಪೋಸ್ಟರ್‌ಗಳಲ್ಲಿ ಇದು ಬರುವುದೇ ಇಲ್ಲ.

ಅಪಾಯವೂ ಇದೆ. ಹೆಸರಾದ ಕೆಲವೇ ಹೋರಿಗಳ ವೀರ್ಯ ಊರೂರಿಗೆ ಹೋದರೆ, ಮೂರು ವರ್ಷದ ನಂತರ ಅದೇ ಹೋರಿಯ ಕಡ್ಡಿ ಅದರ ಮಗಳಿಗೇ ಬೀಳುತ್ತದೆ. ತಂದೆ ಮಗಳ ಕೂಡಿಕೆಯಲ್ಲಿ ಹುಟ್ಟಿದ ಕರುವಿನ ಒಳಸಂತಾನದ ಪ್ರಮಾಣ ಶೇ. 25. ಹಾಲು ತಗ್ಗುತ್ತದೆ, ಗಬ್ಬ ನಿಲ್ಲುವುದಿಲ್ಲ, ಕರು ಸಾಯುವುದು ಹೆಚ್ಚುತ್ತದೆ. ತಪ್ಪಿಸುವುದು ಕಷ್ಟವೇನಲ್ಲ. ವೀರ್ಯದ ಕಡ್ಡಿಯ ಮೇಲೆ ಹೋರಿಯ ಸಂಖ್ಯೆ ಅಚ್ಚಾಗಿರುತ್ತದೆ. ಮನೆಯ ಪುಸ್ತಕದಲ್ಲಿ ದಿನಾಂಕದ ಜೊತೆ ಅದನ್ನು ಬರೆದಿಟ್ಟರೆ ಸಾಕು. ಕಡ್ಡಿ ಹಾಕಲು ಬಂದವರನ್ನು ಕೇಳಬೇಕಾದ ಪ್ರಶ್ನೆಯೂ ಬದಲಾಗಬೇಕು. ಹೋರಿಯ ತಾಯಿ ಎಷ್ಟು ಕೊಡುತ್ತಿತ್ತು ಅನ್ನುವುದರ ಜೊತೆಗೆ, ಅದರ ಹೆಣ್ಣು ಮಕ್ಕಳನ್ನು ಅಳೆದಿದ್ದಾರಾ, ಅವುಗಳ ಕೆಚ್ಚಲು ಹೇಗಿದೆ ಅಂತಲೂ ಕೇಳಬೇಕು.

ಉಳಿದದ್ದು ಚಿಪ್ಪಿಗೆ ಕಲಿಸುವ ದಾಖಲೆಯ ಪ್ರಶ್ನೆ. ದಿನವೂ ಅಳೆಯಬೇಕಿಲ್ಲ. ತಿಂಗಳಿಗೆ ಒಂದು ದಿನ, ಬೆಳಿಗ್ಗೆ ಸಂಜೆ ಹಾಲು ತೂಗಿದರೆ ಒಂದು ಸೂಲಿನ ಒಟ್ಟು ಹಾಲನ್ನು ಸಾಕಷ್ಟು ಸರಿಯಾಗಿ ಅಂದಾಜು ಮಾಡಬಹುದು. ದನದ ಕಿವಿಯಲ್ಲಿ 12 ಅಂಕಿಯ ಹಳದಿ ಬಿಲ್ಲೆ ಈಗಾಗಲೇ ಇದೆ, ಕೇಂದ್ರದ ಭಾರತ್ ಪಶುಧನ್ ವ್ಯವಸ್ಥೆಯಲ್ಲಿ ಅದರ ಖಾತೆಯೂ ಇದೆ. ಊರಿನ ಹಾಲಿನ ಸಂಘಗಳು ದಿನಕ್ಕೆರಡು ಸಲ ಹಾಲು ಅಳೆದು ಫ್ಯಾಟ್ ನೋಡುತ್ತಲೇ ಇವೆ. ಆದರೆ ಬರೆದುಕೊಳ್ಳುವುದು ಸದಸ್ಯರ ಹೆಸರಿನಲ್ಲಿ. ಎರಡು ಆಕಳು, ಒಂದು ಎಮ್ಮೆ ಇರುವ ಮನೆಯ ಹಾಲು ಒಂದೇ ಕ್ಯಾನಿನಲ್ಲಿ ಬರುತ್ತದೆ. ಯಾವ ದನದ್ದು ಎಷ್ಟು ಅನ್ನುವುದು ಅಲ್ಲೇ ಕಳೆದುಹೋಗುತ್ತದೆ. ತಿಂಗಳಿಗೆ ಒಂದು ದಿನ ಒಂದೊಂದು ದನದ ಹಾಲನ್ನು ಬೇರೆ ತಂದು, ಕಿವಿ ಬಿಲ್ಲೆಯ ಸಂಖ್ಯೆಯ ಮುಂದೆ ಬರೆಯುವ ವ್ಯವಸ್ಥೆಗೆ ದುಬಾರಿ ಯಂತ್ರ ಬೇಕಿಲ್ಲ. ಆ ಹೆಚ್ಚುವರಿ ಕೆಲಸಕ್ಕೆ ಸಂಘದ ಕಾರ್ಯದರ್ಶಿಗೆ ಸಂಬಳ ಯಾರು ಕೊಡಬೇಕು, ಹಾಲು ಒಕ್ಕೂಟವೋ ಪಶುಸಂಗೋಪನಾ ಇಲಾಖೆಯೋ ಅನ್ನುವುದು ಮೊದಲು ತೀರ್ಮಾನವಾಗಬೇಕು.